ಹೂಮಳೆಯ ಕಾಲದಲ್ಲಿ ಅಂಗಳಕ್ಕಿಳಿಯುವ ಹಿರಿಯರು



ಹೂಮಳೆ, ತುಂತುರು ನೀರಾವರಿ, ಗೊಬ್ಬರಗಳ ವಿಚಾರವಾಗಿ ಈ ಕಾಲಕ್ಕೆ ಪ್ರತಿವರ್ಷ ಬರೆಯುವುದು ವಾಡಿಕೆ. ಈ ಸಲ ಅವನ್ನು ಬದಿಗಿಟ್ಟು ಮನೆಯ ಅಂಗಳದ ವಿಚಾರ ಎತ್ತಿಕೊಂಡಿದ್ದೇವೆ. ಅದಕ್ಕೆ ಕಾರಣವುಂಟು.

2023ರ ಯುಗಾದಿ ಕಳೆದು ಒಂದು ವಾರವಾಗಿತ್ತು. ರಾತ್ರಿ ಗುಡುಗಿ ಒಳ್ಳೆಯ ಮಳೆ ಬಂತು. ನಮ್ಮ ತಂದೆಯವರಿಗೆ ಆಗ ಎಂಬತ್ತನಾಲ್ಕು. ತೋಟದ ಉಸ್ತುವಾರಿ ಬಿಟ್ಟು ಹತ್ತು ವರ್ಷವಾಗಿದ್ದರೂ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಬೆಳಗಿನ ಜಾವ ಹಾಸಿಗೆಯಿಂದ ಎದ್ದವರೇ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಅಂಗಳದಾಚೆಯ ಮಳೆಮಾಪಕದ ಕಡೆಗೆ ಹೊರಟರು. ಅಂಚಿನ ಕಲ್ಲುಮೆಟ್ಟಿಲಿನಲ್ಲಿ ಕಾಲು ಜಾರಿತು. ಮಳೆ ಎಲ್ಲಿಯವರೆಗೆ ಬಿದ್ದಿದೆಯೆಂದು ನೋಡಲು ನಾವು ಮೇಲಿನ ತೋಟಕ್ಕೆ ಹೋಗಿದ್ದೆವು; ಮನೆಯವರು ಕೊಟ್ಟಿಗೆಯಲ್ಲಿದ್ದರು. ಅರ್ಧ ಗಂಟೆ ಅವರು ಅಲ್ಲೇ ಬಿದ್ದಿದ್ದರು. ಸೊಂಟದ ಕೀಲಿನ ಬಳಿ ಮೂಳೆ ಮುರಿದಿತ್ತು. ಅದು ತಿಳಿಯದೆ ನಾವು ಕೆಲಸದ ಹುಡುಗನೊಡನೆ ರಟ್ಟೆ ಹಿಡಿದು ಎತ್ತಿ ನಿಲ್ಲಿಸಲು ನೋಡಿದೆವು. ಅವರು ಆಗ ಕೂಗಿಕೊಂಡದ್ದು ಇನ್ನೂ ಕಿವಿಯಲ್ಲಿದೆ.

ಹಾಗೆ ಮಾಡಬಾರದು. ಬಿದ್ದವರ ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಿದ್ದರೆ, ಕಾಲೆತ್ತಲು ಆಗದಿದ್ದರೆ, ಇದ್ದಲ್ಲೇ ಮಲಗಿರಲಿ. ಕಂಬಳಿ ಹೊದಿಸಿ 108ಕ್ಕೆ ಫೋನು ಮಾಡಿ. ಗಾಡಿ ಬರುವ ದಾರಿ ಇಲ್ಲದ ಮನೆಯಾದರೆ ಎರಡು ಕಾಲುಗಳ ನಡುವೆ ದಿಂಬಿಟ್ಟು, ಸಡಿಲವಾಗಿ ಒಟ್ಟಿಗೆ ಕಟ್ಟಿ, ಹಲಗೆಯ ಮೇಲೆ ಜರುಗಿಸಿ ನಾಲ್ಕು ಜನ ಹೊರಬೇಕು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಕಾಫಿ ತಿಂಡಿ ಕೊಡಬಾರದು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಜಾರಿದ್ದೇಕೆ? ಬೇಸಗೆಯಲ್ಲಿ ಒಣಗಿ ಕಪ್ಪುಗಟ್ಟಿದ ಪಾಚಿ ಸತ್ತಿತೆಂದು ನಾವು ತಿಳಿಯುತ್ತೇವೆ. ಒಂದು ರಾತ್ರಿಯ ಮಳೆಗೆ ಅದು ಲೋಳೆಯಾಗುತ್ತದೆ. ಮಳೆಗಾಲದಲ್ಲಿ ಎಲ್ಲರೂ ಎಚ್ಚರದಿಂದ ಹೆಜ್ಜೆಯಿಡುತ್ತಾರೆ. ಹೂಮಳೆಯ ಮರುದಿನ ಯಾರಿಗೂ ಆ ನೆನಪಿರುವುದಿಲ್ಲ. ಫೆಬ್ರವರಿಯಲ್ಲೇ ಮೆಟ್ಟಿಲು, ಬಚ್ಚಲ ದಾರಿ, ಬಾವಿಕಟ್ಟೆಗಳನ್ನು ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಿಸಿ. ಮೆಟ್ಟಿಲಿನ ಅಂಚಿಗೆ ಬಿಳಿ ಬಣ್ಣದ ಪಟ್ಟೆ ಎಳೆದರೆ ಪೊರೆ ಬಂದ ಕಣ್ಣಿಗೂ ಕಾಣುತ್ತದೆ. ಸವೆದ ಹವಾಯಿ ಚಪ್ಪಲಿಯನ್ನು ಒಲೆಗೆ ಹಾಕದಿದ್ದರೂ ತಿಪ್ಪೆಗೆ ಹಾಕಿ. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಬೇಕು. ಊರುಗೋಲಿನ ತುದಿಯ ರಬ್ಬರ್ ಸವೆದಿದ್ದರೆ ಕೋಲು ಇದ್ದೂ ಇಲ್ಲದಂತೆ. ಸಂಘದ ಮಳಿಗೆಯಲ್ಲಿ ಅದನ್ನು ತರಿಸಿಟ್ಟಿದ್ದೇವೆ.

ಒಣಗಲು ಹರವಿದ ಅಡಿಕೆ, ಮೆಣಸು ಇನ್ನೊಂದು ಅಪಾಯ. ಕಾಲಡಿಗೆ ಸಿಕ್ಕಿದ ಒಂದೇ ಅಡಿಕೆ ಗಾಲಿಯಂತೆ ಉರುಳುತ್ತದೆ. ಜಗಲಿಯಿಂದ ಗೇಟಿನವರೆಗೆ ಮೂರಡಿ ದಾರಿ ಬಿಟ್ಟು ಹರವಿ, ಟಾರ್ಪಾಲಿನ ಅಂಚು, ನೀರಿನ ಪೈಪು ಆ ದಾರಿಗೆ ಅಡ್ಡ ಬಾರದಿರಲಿ.

ಇನ್ನು ಬಿಸಿಲು. ವಯಸ್ಸಾದವರಿಗೆ ದೇಹ ಒಣಗಿದರೂ ಬಾಯಾರಿಕೆ ಅಷ್ಟಾಗಿ ತೋರುವುದಿಲ್ಲ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗಂತೂ ನೀರಿನಂಶ ಬೇಗ ಇಳಿದು, ಕುಳಿತಲ್ಲಿಂದ ಏಳುವಾಗ ಕಣ್ಣು ಕತ್ತಲೆ ಬರುತ್ತದೆ. ಎದ್ದವರು ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕುಳಿತು ಆಮೇಲೆ ನಡೆಯಲಿ. ಕೇಳಲಿ ಬಿಡಲಿ, ಮಜ್ಜಿಗೆ ನೀರೋ ಗಂಜಿತಿಳಿಯೋ ಕೈಗೆ ಕೊಡಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿದ್ದರೆ ಎಷ್ಟು ಕೊಡಬೇಕೆಂದು ವೈದ್ಯರನ್ನು ಕೇಳಿ. ಹನ್ನೊಂದರಿಂದ ಮೂರರವರೆಗೆ ಅಡಿಕೆ ಹರಡುವ ಕೆಲಸ ಅವರಿಗೆ ಬೇಡ. ಮಾತು ತೊದಲಿ, ಗೊಂದಲವಾಗಿ, ಮೈ ಬೆಂಕಿಯಂತಿದ್ದರೆ ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ನಮ್ಮ ಕಡೆಯವರು ಮರೆಯಬಾರದ ಇನ್ನೊಂದು ಸಂಗತಿ ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಈ ಜ್ವರ ಹರಡುವುದು ಉಣುಗುಗಳಿಂದ. ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಅಪ್ಪಯ್ಯ ಕಾಡಿಗೆ ಹೋಗುವುದಿಲ್ಲ, ನಿಜ. ಆದರೆ ಕಾಡಿನ ದರಗನ್ನು ನಾವು ಕೊಟ್ಟಿಗೆಗೆ ತಂದು ಅಂಗಳದ ಬದಿಯಲ್ಲೇ ರಾಶಿ ಹಾಕುತ್ತೇವೆ. ಅದರ ಪಕ್ಕದಲ್ಲೇ ಅವರ ಕುರ್ಚಿ! ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿದೆ. ಕಾಯಿಲೆ ಇರುವ ಸೀಮೆಯವರು ಈ ತಿಂಗಳುಗಳಲ್ಲಿ ದರಗು ತಾರದಿರುವುದೇ ಲೇಸು. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕಾಡಿಗೆ ಹೋಗುವವರು ಹಚ್ಚಿಕೊಂಡು, ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸಬೇಕು. ಜ್ವರ, ತಲೆನೋವು, ಮೈಕೈ ನೋವು ಒಮ್ಮೆಲೇ ಬಂದರೆ ವಯಸ್ಸಿನ ಜ್ವರವೆಂದು ಕಷಾಯ ಕುಡಿಸುತ್ತ ಕೂರದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಹಾವಿನ ವಿಷಯ ಎಲ್ಲರೂ ಬಲ್ಲರು. ಮುಸ್ಸಂಜೆಯ ನಂತರ ಕೈಯಲ್ಲಿ ಟಾರ್ಚಿಲ್ಲದೆ ಅಂಗಳಕ್ಕೆ ಇಳಿಯಬಾರದು, ಕಚ್ಚಿದರೆ ಕೊಯ್ಯುವುದು ಕಟ್ಟುವುದು ಮಾಡದೆ ಆಸ್ಪತ್ರೆಗೆ ಹೋಗಬೇಕು, ಇಷ್ಟೇ.

ಇಷ್ಟೆಲ್ಲ ಓದಿದವರು, ಮುದುಕರನ್ನು ಜಗಲಿಯಲ್ಲೇ ಕೂರಿಸಿದರಾಯಿತಲ್ಲ ಎನ್ನಬಹುದು. ನಾವೂ ಹಾಗೇ ಮಾಡಿದೆವು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದವರನ್ನು ಅಂಗಳಕ್ಕೆ ಇಳಿಯಗೊಡಲಿಲ್ಲ. ಊಟ ಅರ್ಧವಾಯಿತು, ಮಾತು ಕಾಲುಭಾಗವಾಯಿತು. ಜೂನಿನಲ್ಲಿ ಒಂದು ಸಂಜೆ, “ಇವತ್ತು ಎಷ್ಟು ಸೆಂಟ್ಸಾಯ್ತೋ?” ಎಂದು ಕೇಳಿದರು. ನಾವು ಅಳೆದಿರಲಿಲ್ಲ. ಪುಸ್ತಕ ತರಿಸಿ ನೋಡಿದರು. ಮಾರ್ಚ್ ಕೊನೆಯಿಂದಾಚೆ ಎಲ್ಲ ಖಾಲಿ. ಏನೂ ಅನ್ನದೆ ಮುಚ್ಚಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ನಡೆಯದಿದ್ದರೆ ಕಾಲಿನ ಬಲ ಉಡುಗಿ ಮನೆಯೊಳಗೇ ಮತ್ತೆ ಬೀಳುತ್ತಾರೆಂದು ವೈದ್ಯರೂ ಎಚ್ಚರಿಸಿದರು.

ಮಾಪಕವನ್ನೇ ಜಗಲಿಯ ಹತ್ತಿರ ತಂದಿಡೋಣವೆಂದರೆ ಅವರು ಒಪ್ಪಲಿಲ್ಲ. ಮಾಡಿನಿಂದಲೂ ಮರದಿಂದಲೂ ಅವುಗಳ ಎತ್ತರದ ಎರಡು ಪಾಲಾದರೂ ದೂರ ಇರಬೇಕು, ಇಲ್ಲದಿದ್ದರೆ ಲೆಕ್ಕ ಸುಳ್ಳಾಗುತ್ತದೆ ಎಂದರು. ಅದು ಸರಿಯೇ. ಕೊನೆಗೆ ಶೆಡ್ಡಿನಲ್ಲಿ ಬಿದ್ದಿದ್ದ ಹಳೆಯ ಜಿ.ಐ. ಪೈಪಿನ ತುಂಡುಗಳನ್ನು ಬೆಸುಗೆ ಹಾಕಿಸಿ, ಜಗಲಿಯಿಂದ ಮಾಪಕದವರೆಗೆ ಸೊಂಟದೆತ್ತರಕ್ಕೆ ಕೈಹಿಡಿ ಮಾಡಿಸಿದೆವು. ಮೆಟ್ಟಿಲು ಒಡೆಸಿ, ಗೀರು ಹಾಕಿದ ಸಿಮೆಂಟಿನ ಇಳಿಜಾರು ಮಾಡಿಸಿದ್ದಾಯಿತು. ನಡುವೆ ಒಂದು ಕಲ್ಲುಬೆಂಚು ಇದೆ. ಕೊರಳಿನಲ್ಲಿ ಒಂದು ಸೀಟಿ, ಕರೆಯಲು. ಮೊಮ್ಮಕ್ಕಳಿಗಿಂತ ಅವರೇ ಅದನ್ನು ಹೆಚ್ಚು ಊದುತ್ತಾರೆ.

ಈಗ ಮಳೆ ಅಳೆಯುವವರು ಅವರೇ. ನಾವು ಬೆಂಚಿನ ಬಳಿ ನಿಂತು, ಅವರು ಕೂಗಿ ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಹೂಮಳೆಗೆ ಒಂದೆರಡು ಸೆಂಟ್ಸ್ ಹೆಚ್ಚಿಗೆ ಹೇಳುತ್ತಾರೆಂಬ ಗುಮಾನಿ ನಮಗಿದೆ, ಹೋಗಿ ನೋಡಿಲ್ಲ.