ಮನೆಯಲ್ಲಿ ಕಲಿಸುವವರಿಗೆ ಹಲಸಂಗಿಯ ದಾರಿ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಹೋಮ್‌ಸ್ಕೂಲಿಂಗ್ ದಾರಿಯನ್ನು ಬೆಂಗಳೂರಿನಂಥ ಊರುಗಳಲ್ಲಿ ಕೆಲವು ಕುಟುಂಬಗಳು ಹಿಡಿದಿವೆ. ಈ ತಂದೆತಾಯಿ ಹಳೆಯ ಶಿಕ್ಷಣ ಚಿಂತಕರನ್ನು ಹುಡುಕಿ ಓದುತ್ತಾರೆ. ಸಾಕ್ರೆಟಿಸ್, 1762ರಲ್ಲಿ ‘ಎಮಿಲ್’ ಬರೆದ ರೂಸೋ, 1886ರಲ್ಲಿ ‘ಹೋಮ್ ಎಜುಕೇಶನ್’ ಪ್ರಕಟಿಸಿದ ಷಾರ್ಲಟ್ ಮೇಸನ್, ಎಲ್ಲರೂ ಓದಬೇಕಾದವರೇ. ಆದರೆ ಒಂದು ವಿಷಯದಲ್ಲಿ ಇವರಲ್ಲೇ ಹೊಂದಾಣಿಕೆಯಿಲ್ಲ. ರೂಸೋ ತನ್ನ ಎಮಿಲ್‌ನನ್ನು ಊರು, ಜನ, ಪುಸ್ತಕ ಎಲ್ಲದರಿಂದ ದೂರವಿಟ್ಟು ಒಬ್ಬನೇ ಗುರುವಿನ ಕೈಯಲ್ಲಿ ಬೆಳೆಸುತ್ತಾನೆ. ಸಾಕ್ರೆಟಿಸ್ ಅಥೆನ್ಸಿನ ಪೇಟೆಯಲ್ಲಿ ನಿಂತು ಹಾದುಹೋಗುವವರನ್ನು ಮಾತಿಗೆಳೆಯುತ್ತಾನೆ. ಮನೆಯಲ್ಲಿ ಕಲಿಸಹೊರಟವರು ರೂಸೋನನ್ನು ಹಿಡಿದರೆ ಮಗು ಒಂಟಿಯಾಗುತ್ತದೆ, ಸಾಕ್ರೆಟಿಸನನ್ನು ಹಿಡಿದರೆ ಊರೆಲ್ಲ ಅದರ ಶಾಲೆಯಾಗುತ್ತದೆ. ಎರಡನೆಯದೇ ಸರಿ ಎನ್ನಲು ಬೇಕಾದ ಪುರಾವೆ ಅಥೆನ್ಸಿನವರೆಗೆ ಹೋಗದೆ ವಿಜಯಪುರ ಜಿಲ್ಲೆಯಲ್ಲೇ ಸಿಗುತ್ತದೆ.

ಇಂಡಿ ತಾಲೂಕಿನ ಸಾಲೋಟಗಿಯ ಶಾಸನ 945ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ. ಬೇರೆಬೇರೆ ನಾಡುಗಳಿಂದ ಬರುವ ವಿದ್ಯಾರ್ಥಿಗಳಿಗೆ 27 ವಸತಿಮನೆಗಳಿದ್ದವು, ರಾತ್ರಿ ಓದುವ ದೀಪದ ಖರ್ಚಿಗೂ ಭೂಮಿ ಬಿಟ್ಟಿದ್ದರು. ಇನ್ನೂ ಮುಖ್ಯವಾದದ್ದು, ಊರವರು ಮದುವೆ, ಮುಂಜಿಗಳ ಹೊತ್ತಿಗೆ ಶಾಲೆಗೆಂದು ಹಣ ತೆಗೆದಿಡಬೇಕು ಎಂಬ ಕಟ್ಟಳೆ. ಮನೆಯ ಶುಭಕಾರ್ಯದಲ್ಲಿ ವಿದ್ಯೆಗೊಂದು ಪಾಲು! ಆ ಶಾಲೆಯ ಬಾಗಿಲು ಎಲ್ಲ ಜಾತಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು. ಆ ಕೊರತೆಗೆ ಉತ್ತರ ಕೊಟ್ಟವರು ಎರಡು ಶತಮಾನದ ನಂತರ ಬಂದ ಶರಣರು. ಬಾಗೇವಾಡಿಯ ಬಸವಣ್ಣ, ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯ ಕೂಡಿದ ಬಳಗದಲ್ಲಿ ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಚರ್ಮ ಹದ ಮಾಡುವವರು ತಮ್ಮ ಕಸುಬಿನ ಮಾತಿನಲ್ಲೇ ತತ್ವ ಚರ್ಚಿಸಿದರು. ಕೈಕೆಲಸದ ಮೂಲಕವೇ ಕಲಿಕೆ ಎಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ‘ನಯೀ ತಾಲೀಮ್’ ಈ ನೆಲಕ್ಕೆ ಹೊಸದೇನಾಗಿರಲಿಲ್ಲ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಬಲವಾದ ಸಾಕ್ಷಿ ಹಲಸಂಗಿ ಗೆಳೆಯರದು. ಹಿಂದೆ ಇಂಡಿ ತಾಲೂಕಿನಲ್ಲಿದ್ದು ಈಗ ಚಡಚಣ ತಾಲೂಕಿಗೆ ಸೇರಿದ ಈ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಒಂದು ಬಳಗವಾದರು. ಮಧುರಚೆನ್ನರ ಶಾಲೆಯ ಓದು ಮುಲ್ಕಿ ಪರೀಕ್ಷೆಗೆ ಮುಗಿಯಿತು. ಆಮೇಲಿನದೆಲ್ಲ ಸ್ವಂತ ಓದು, ಗೆಳೆಯರೊಡನೆ ನಡೆದ ಮಾತು. ಕಾಲೇಜಿಲ್ಲದ ಹಳ್ಳಿಯಲ್ಲಿ ಕುಳಿತೇ ಅವರು ಅರವಿಂದರ ತತ್ವದವರೆಗೆ ಹೋದರು. ಹಾಗೆ ಹೋದವರು ಮನೆಯಂಗಳದ ಬೀಸುಕಲ್ಲಿನ ಹಾಡಿಗೂ ಕಿವಿಗೊಟ್ಟರು. ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳು ಅವರ ಕೈಯಿಂದ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾದವು. ಅದರ ಬೆನ್ನಿಗೇ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಬಂದವು. ಕನ್ನಡ ಜಾನಪದ ಅಧ್ಯಯನಕ್ಕೆ ಗಟ್ಟಿ ತಳಪಾಯ ಬಿದ್ದದ್ದು ಒಂದು ಸಣ್ಣ ಹಳ್ಳಿಯ ಸ್ನೇಹದಲ್ಲಿ. ಗಮನವಿಟ್ಟು ಕೇಳುವುದು, ಕೇಳಿದ್ದನ್ನು ನೆನಪಿಟ್ಟು ಹೇಳುವುದು, ಬರೆದಿಡುವುದು, ಗೆಳೆಯರ ಮುಂದಿಟ್ಟು ತಿದ್ದಿಕೊಳ್ಳುವುದು: ಇಷ್ಟೇ ಅವರ ಪದ್ಧತಿ. ಷಾರ್ಲಟ್ ಮೇಸನ್ ಕೂಡ ಮಗು ಒಮ್ಮೆ ಕೇಳಿದ ಪಾಠವನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು ಎಂದೇ ಒತ್ತಿಹೇಳಿದಳು.

ಹಾಡು, ತತ್ವವೇನೋ ಸರಿ, ಗಣಿತಕ್ಕೆ ಏನು ಮಾಡುವುದು ಎಂದು ಕೇಳುವವರಿದ್ದಾರೆ. ಹಿಂಗಾರಿ ಜೋಳ ಬಿತ್ತುವ ಎರೆಹೊಲದಲ್ಲಿ ಕೂರಿಗೆಯನ್ನು ನೋಡಿ. ತಾಳಿನಿಂದ ತಾಳಿಗೆ ಒಂದೂವರೆ ಅಡಿ ಇರುವ ಮೂರು ತಾಳಿನ ಕೂರಿಗೆ ಒಮ್ಮೆ ಹಾದರೆ ನಾಲ್ಕೂವರೆ ಅಡಿ ಅಗಲ ಬಿತ್ತುತ್ತದೆ. ಒಂದು ಗುಂಟೆ ಎಂದರೆ 33 ಅಡಿ ಚೌಕ. ಹಾಗಾದರೆ ಎಷ್ಟು ಸಾಲು, ಎಷ್ಟು ಸಲ ಹಾಯಬೇಕು? 22 ಸಾಲು. ಏಳು ಸಲ ಹಾದರೆ 21 ಸಾಲಾಗುತ್ತದೆ, ಎಂಟನೆಯ ಸಲ ಒಂದೇ ತಾಳಿಗೆ ಕೆಲಸ. ಭಾಗಾಕಾರದಲ್ಲಿ ಶೇಷ ಎಂದರೇನು ಎಂಬುದನ್ನು ಕರಿಹಲಗೆಯ ಮೇಲೆ ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ಸಂತೆಯಲ್ಲಿ ಹಿರಿಯರು ಇಂದಿಗೂ ಆಡುವ ಪಾವು (ಕಾಲು), ಸವಾ (ಒಂದೂಕಾಲು), ದೀಡ (ಒಂದೂವರೆ), ಅಡೀಚ (ಎರಡೂವರೆ) ಎಂಬ ಲೆಕ್ಕಗಳು ಭಿನ್ನರಾಶಿಯ ಜೀವಂತ ಪಾಠ.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಎಷ್ಟೋ ಕುಟುಂಬಗಳು ಮಹಾರಾಷ್ಟ್ರಕ್ಕೆ, ಗೋವಾಕ್ಕೆ ಗುಳೆ ಹೋಗುತ್ತವೆ. ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ಹೆಣ್ಣುಮಗುವನ್ನು ಮನೆಯಲ್ಲಿ ಉಳಿಸಲು ಸಿಕ್ಕ ಯಾವ ನೆಪವೂ ಆ ಮಗುವಿಗೆ ಅಪಾಯ. ಇಂಥ ಕಡೆ ಮನೆಯಲ್ಲೇ ಕಲಿಸಿ ಎನ್ನುವುದು ಎಷ್ಟು ಸರಿ? ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕು ಕೊಟ್ಟ 2009ರ ಕಾಯ್ದೆಯೂ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ. ಮಧುರಚೆನ್ನರೂ ಅಕ್ಷರ ಕಲಿತದ್ದು ಶಾಲೆಯಲ್ಲೇ, ಸಿಂಪಿ ಲಿಂಗಣ್ಣನವರಂತೂ ಸ್ವತಃ ಶಾಲಾ ಮಾಸ್ತರರು. ಆದ್ದರಿಂದ ಹಲಸಂಗಿಯ ದಾರಿ ಶಾಲೆ ಬಿಡಿಸಿದವರ ಸೊತ್ತಲ್ಲ. ಸರಕಾರಿ ಶಾಲೆಗೆ ಹೋಗುವ ಮಗುವಿನ ಸಂಜೆಗೂ ಅದು ಒಪ್ಪುತ್ತದೆ. ನಾವು ಓದಿದವರಲ್ಲ, ಏನು ಕಲಿಸಬಲ್ಲೆವು ಎಂದು ಹಿಂಜರಿಯುವ ತಾಯಂದಿರಿಗೆ ‘ಗರತಿಯ ಹಾಡು’ ಪುಸ್ತಕವೇ ಉತ್ತರ. ಅದರಲ್ಲಿರುವ ಹಾಡುಗಳು ಅಕ್ಷರ ಕಲಿಯದ ಹೆಣ್ಣುಮಕ್ಕಳ ಬಾಯಿಂದ ಬಂದವು, ಇಂದು ಕನ್ನಡ ಕಲಿತವರೆಲ್ಲ ಅವನ್ನು ಓದುತ್ತಾರೆ.

ಮನೆಯಲ್ಲೇ ಕಲಿಸಬೇಕೆಂದು ಗಟ್ಟಿ ಮನಸ್ಸು ಮಾಡಿದವರಲ್ಲಿ ಒಂದು ವಿನಂತಿ. ಪಠ್ಯಕ್ರಮದ ಪೆಟ್ಟಿಗೆ ತರಿಸುವ ಮೊದಲು ಜೊತೆಗೆ ಕಲಿಯುವ ಮೂರು ನಾಲ್ಕು ಮಕ್ಕಳನ್ನು ಹುಡುಕಿ. ಬೇರೆ ಬೇರೆ ಮನೆಗಳವರಿರಲಿ, ಬೇರೆ ಬೇರೆ ಜಾತಿ ಧರ್ಮದವರಿರಲಿ. ಹಲಸಂಗಿಯ ಆ ನಾಲ್ವರಲ್ಲಿ ಧೂಲಾಸಾಹೇಬರೂ ಇದ್ದರು.