ಒಣ ದ್ರಾಕ್ಷಾರಸವೂ ನಮ್ಮ ಮನೆಯ ಊಟವೂ

ಜರ್ಮನಿಗೆ ಬಂದ ಹೊಸತರಲ್ಲಿ ಅಂಗಡಿಯ ಸೀಸೆಯೊಂದರ ಮೇಲೆ ‘ಟ್ರೊಕೆನ್’ ಎಂಬ ಪದವನ್ನು ಕಂಡು ನಿಘಂಟನ್ನು ತೆರೆದೆ. ‘ಒಣಗಿದ’ ಎಂದಿತ್ತು. ದ್ರವವು ಒಣಗಿರುವುದೆಂತು? ಒಣದ್ರಾಕ್ಷಿಯಿಂದ ಮಾಡಿದ್ದಿರಬೇಕು, ಆದುದರಿಂದ ಸಿಹಿಯಾಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈ ಅಜ್ಞಾನದ ಫಲವನ್ನು ಅನುಭವಿಸಿದವರು ನಮ್ಮ ನೆರೆಮನೆಯ ವೃದ್ಧ ದಂಪತಿಗಳು.

ಅವರನ್ನು ಮೊದಲ ಬಾರಿ ಊಟಕ್ಕೆ ಕರೆದಾಗ ನನ್ನ ಪತ್ನಿ ಬಿಸಿಬೇಳೆ ಭಾತು ಮಾಡಿದ್ದಳು. ಖಾರ ಊರಿನ ಪ್ರಮಾಣದಲ್ಲಿಯೇ ಇತ್ತು. ಅದನ್ನು ತಣಿಸಲೆಂದು ನಾನು ರೀಸ್ಲಿಂಗ್ ಟ್ರೊಕೆನ್ ಸೀಸೆಯನ್ನು ತಂದಿಟ್ಟಿದ್ದೆ. ಒಂದು ತುತ್ತು, ಒಂದು ಗುಟುಕು. ಹಿರಿಯರ ಹಣೆಯಲ್ಲಿ ಬೆವರೊಡೆಯಿತು. “ಬಹಳ ಚೆನ್ನಾಗಿದೆ” ಎಂದರು, ಆದರೆ ತಟ್ಟೆಯಲ್ಲಿ ಅರ್ಧ ಹಾಗೆಯೇ ಉಳಿಯಿತು. ಅತಿಥಿಗಳು ಅರೆಹೊಟ್ಟೆಯಲ್ಲಿ ಎದ್ದುಹೋದದ್ದು ನಮ್ಮನ್ನು ಬಹುದಿನ ಕೊರೆಯಿತು.

ತಪ್ಪು ಎಲ್ಲಿ ಆಯಿತೆಂಬುದು ಅನಂತರ ತಿಳಿಯಿತು. ದ್ರಾಕ್ಷಿಯ ರಸ ಹುದುಗುವಾಗ ಅದರ ಸಕ್ಕರೆ ಮದ್ಯಸಾರವಾಗಿ ಮಾರ್ಪಡುತ್ತದೆ. ಸಕ್ಕರೆ ಬಹುಪಾಲು ತೀರಿಹೋದುದೇ ‘ಟ್ರೊಕೆನ್’. ನಿಯಮದಂತೆ ಲೀಟರಿಗೆ 4 ಗ್ರಾಂ ಸಕ್ಕರೆ ಉಳಿಯಬಹುದು. ಹುಳಿಯ ಅಂಶ ಅದಕ್ಕೆ ತಕ್ಕಷ್ಟಿದ್ದರೆ 9 ಗ್ರಾಂವರೆಗೂ ಸಲ್ಲುತ್ತದೆ. ಮದ್ಯಸಾರವು ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ. ಅದನ್ನು ಶಮನಗೊಳಿಸುವ ಸಿಹಿ ಇದರಲ್ಲಿಲ್ಲ. ಖಾರದ ಅಡುಗೆಗೆ, 18 ಗ್ರಾಂವರೆಗೆ ಸಕ್ಕರೆಯಿರಬಹುದಾದ ‘ಹಾಲ್ಬ್‌ಟ್ರೊಕೆನ್’ ಮೇಲು. ಇನ್ನೊಂದು ಎಚ್ಚರಿಕೆಯೂ ಅಗತ್ಯ: ‘ಟ್ರೊಕೆನ್‌ಬೇರೆನ್‌ಔಸ್‌ಲೇಸೆ’ ಎಂಬುದರಲ್ಲಿ ಒಣಗಿರುವುದು ಬಳ್ಳಿಯಲ್ಲಿನ ಹಣ್ಣು, ಆ ಪಾನೀಯವಾದರೋ ಜೇನಿನಷ್ಟು ಸಿಹಿ!

ರೀಸ್ಲಿಂಗ್ ಹಳೆಯ ತಳಿ. 1435ರಲ್ಲಿ ರ್ಯೂಸೆಲ್ಸ್‌ಹೈಮ್‌ನ ಲೆಕ್ಕಪತ್ರದಲ್ಲಿ ಅದರ ಹೆಸರು ದಾಖಲಾಗಿದೆ. ಮೋಸೆಲ್ ನದಿಯ ಕಡಿದಾದ ಇಳಿಜಾರುಗಳಲ್ಲಿ ಕಪ್ಪು ಪದರಗಲ್ಲು ಹಗಲಿನ ಬಿಸಿಲನ್ನು ಹೀರಿಟ್ಟುಕೊಂಡು ಇರುಳಿನಲ್ಲಿ ಬಳ್ಳಿಗೆ ಕೊಡುತ್ತದೆ. ತಂಪು ಹವೆಯಲ್ಲಿ ನಿಧಾನವಾಗಿ ಮಾಗುವುದರಿಂದ ಹಣ್ಣಿನ ಹುಳಿ ನಾಶವಾಗುವುದಿಲ್ಲ. ಆ ಹುಳಿಯೇ ಇದರ ಜೀವಾಳ.

ಇದರ ಅರ್ಥ ನಮಗಾದದ್ದು ಮುಂದಿನ ಮೇ ತಿಂಗಳಲ್ಲಿ, ಆ ದಂಪತಿಗಳೇ ನಮ್ಮನ್ನು ಊಟಕ್ಕೆ ಕರೆದಾಗ. ಬೇಯಿಸಿದ ಬಿಳಿಯ ಶತಾವರಿ ದಂಟು, ಆಲೂಗೆಡ್ಡೆ, ಮೇಲೆ ಕರಗಿದ ಬೆಣ್ಣೆ. ಇಲ್ಲಿ ‘ಶ್ಪಾರ್ಗೆಲ್’ ಎನ್ನುವ ಈ ದಂಟಿನ ಕೊಯ್ಲು ಜೂನ್ 24ಕ್ಕೆ ಮುಗಿಯುತ್ತದೆ. ಅದರ ಜೊತೆ 8–10 ಡಿಗ್ರಿಗೆ ತಣಿಸಿದ ಅದೇ ಟ್ರೊಕೆನ್! ಬೆಣ್ಣೆಯ ಜಿಡ್ಡನ್ನು ಅದು ನಾಲಗೆಯಿಂದ ತೊಳೆದು, ಮುಂದಿನ ತುತ್ತಿಗೆ ಹಾದಿ ಮಾಡಿಕೊಟ್ಟಿತು. ಹೊಳೆಯ ಟ್ರೌಟ್ ಮೀನು, ಆಡಿನ ಹಾಲಿನ ಗಿಣ್ಣು, ಹುಳಿಗೊಳಿಸಿದ ಎಲೆಕೋಸು ಇವಕ್ಕೂ ಇದು ಒಪ್ಪುತ್ತದೆಂದು ಗೃಹಿಣಿ ತಿಳಿಸಿದರು.

ಮತ್ತೊಮ್ಮೆ ಅವರನ್ನು ಕರೆದೆವು. ಈ ಸಲ ನಿಂಬೆ ಹಿಂಡಿದ ಹೆಸರುಬೇಳೆ ಕೋಸಂಬರಿ, ಗರಿಗರಿಯಾದ ಅಂಬೊಡೆ, ಮೆಣಸಿನಕಾಯಿ ಇಳಿಸಿದ ಮಜ್ಜಿಗೆಹುಳಿ. ಹುಳಿಗೆ ಹುಳಿ ಹೊಂದಿತು, ಎಣ್ಣೆಯ ಜಿಡ್ಡು ಕಳೆಯಿತು. ಸಿಹಿಯೊಡನೆ ಒಣ ದ್ರಾಕ್ಷಾರಸ ಬರಿಯ ಹುಳಿಯಾಗಿ ತೋರುವುದರಿಂದ ಹೋಳಿಗೆಯನ್ನು ಲೋಟಗಳನ್ನು ತೆಗೆದ ಮೇಲೆ ಬಡಿಸಿದೆವು. ಮದ್ಯ ಮುಟ್ಟದ ನನ್ನ ಪತ್ನಿಯ ಲೋಟದಲ್ಲಿ ಮಜ್ಜಿಗೆಯಿತ್ತು. ಅದರಿಂದ ಯಾರಿಗೂ ಸಂಕೋಚವಾಗಲಿಲ್ಲ. ಹಿರಿಯರು ಅಂಬೊಡೆಯನ್ನು ಎರಡು ಬಾರಿ ಕೇಳಿ ಹಾಕಿಸಿಕೊಂಡರು.

ಊಟದ ನಡುವೆ ನಮ್ಮ ಭಾಷೆಯ ಮಾತು ಬಂದಿತು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ವೃತ್ತಪತ್ರಿಕೆಯನ್ನಿತ್ತ ಹರ್ಮನ್ ಮೋಗ್ಲಿಂಗ್ ಅವರನ್ನು ನೆನೆದೆ. ಅವರು 1811ರಲ್ಲಿ ಹುಟ್ಟಿದ ಬ್ರಾಕೆನ್‌ಹೈಮ್ ದ್ರಾಕ್ಷಿತೋಟಗಳ ಊರು. “ಅಲ್ಲಿಂದ ಹೋದವರು ನಿಮ್ಮ ನುಡಿ ಕಲಿತರೆ?” ಎಂದು ಹಿರಿಯರು ಬೆರಗಾದರು. ಹೌದು, ಕಲಿತರು. ಆ ದೊಡ್ಡ ಋಣದ ಮುಂದೆ, ಅವರ ನಾಡಿನ ಪಾನೀಯಕ್ಕೆ ತಕ್ಕ ಅಡುಗೆ ಮಾಡಿ ಬಡಿಸುವುದು ನಮ್ಮಿಂದ ಆಗಬಹುದಾದ ಸಣ್ಣ ಮರ್ಯಾದೆ.