ಫ್ಯಾಟಿನ ಸರಾಸರಿ: ಲೀಟರ್ ಬಿಟ್ಟು ಲೆಕ್ಕ ಹಾಕಬೇಡಿ

– ಪಶುವೈದ್ಯ ವಿಸ್ತರಣಾಧಿಕಾರಿ



ಸಂಘಗಳ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಯೊಂದಿದೆ. "ನಮ್ಮ ಎರಡು ಹಸುಗಳ ಹಾಲನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿದೆವು. ಒಂದರ ಫ್ಯಾಟ್ 3.4, ಇನ್ನೊಂದರದು 4.8. ಎರಡನ್ನೂ ಬೆರೆಸಿ ಡೇರಿಗೆ ಹಾಕಿದರೆ 4.1 ಬರಬೇಕಲ್ಲವೇ? ಚೀಟಿಯಲ್ಲಿ 3.8 ಬಂದಿದೆ. ಉಳಿದ 3 ಪಾಯಿಂಟ್ ಎಲ್ಲಿ ಹೋಯಿತು?" ಇಲ್ಲಿಂದ ಮಾತು ಬೆಳೆದು ಹಾಲು ಪರೀಕ್ಷಕರ ಮೇಲೆ, ಕಾರ್ಯದರ್ಶಿಯ ಮೇಲೆ, ಕೊನೆಗೆ ಒಕ್ಕೂಟದ ಮೇಲೆಯೇ ಅನುಮಾನ ಹುಟ್ಟುತ್ತದೆ.

ಪ್ರಶ್ನೆ ಕೇಳುವುದು ಸದಸ್ಯರ ಹಕ್ಕು. ಕೇಳಲೇಬೇಕು. ಆದರೆ ನಮ್ಮ ಲೆಕ್ಕವೇ ತಪ್ಪಾಗಿದ್ದರೆ ನಿರಪರಾಧಿಯನ್ನು ದೂರಿದಂತಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ನಿಜವಾಗಿ ಮೋಸವಾದಾಗ ಅದು ಕಣ್ಣಿಗೆ ಬೀಳದೆ ಹೋಗುತ್ತದೆ. ಆದ್ದರಿಂದ ಸರಾಸರಿಯನ್ನು ಸರಿಯಾಗಿ ತೆಗೆಯುವ ಕ್ರಮವನ್ನೂ, ಅದನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಸುಲಭವಾಗಿ ಮಾಡುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

4.1 ಏಕೆ ತಪ್ಪು?

ಮೇಲಿನ ಪ್ರಶ್ನೆಯಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಯಾವ ಹಸು ಎಷ್ಟು ಲೀಟರ್ ಕೊಟ್ಟಿತು? 3.4 ಫ್ಯಾಟಿನ ಹಸು 14 ಲೀಟರ್, 4.8 ಫ್ಯಾಟಿನ ಹಸು 6 ಲೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಆಗ ಲೆಕ್ಕ ಹೀಗಾಗುತ್ತದೆ:

ಮೊದಲ ಹಸು: 14 × 3.4 = 47.6
ಎರಡನೆಯ ಹಸು: 6 × 4.8 = 28.8
ಒಟ್ಟು ಹಾಲು 20 ಲೀಟರ್, ಒಟ್ಟು ಗುಣಲಬ್ಧ 76.4
ಸರಾಸರಿ: 76.4 ÷ 20 = 3.82

ಅಂದರೆ ಚೀಟಿಯಲ್ಲಿ ಬಂದ 3.8 ಸರಿಯಾಗಿಯೇ ಇದೆ. ಎಲ್ಲಿಯೂ ಏನೂ ಕಳೆದುಹೋಗಿಲ್ಲ. 3.4 ಮತ್ತು 4.8ನ್ನು ಕೂಡಿಸಿ ಎರಡರಿಂದ ಭಾಗಿಸಿದಾಗ ನಾವು 6 ಲೀಟರಿಗೂ 14 ಲೀಟರಿಗೂ ಒಂದೇ ಬೆಲೆ ಕೊಟ್ಟಂತಾಯಿತು. ಒಂದು ಕೊಡ ಬಿಸಿನೀರಿಗೆ ಒಂದು ಚೊಂಬು ತಣ್ಣೀರು ಹಾಕಿದರೆ ನೀರು ಅರ್ಧಕ್ಕರ್ಧ ತಣ್ಣಗಾಗುವುದಿಲ್ಲ. ಹಾಲಿನಲ್ಲಿಯೂ ಹಾಗೆಯೇ, ಹೆಚ್ಚು ಇರುವುದರ ಕಡೆಗೆ ಸರಾಸರಿ ವಾಲುತ್ತದೆ.

ಹೀಗೆ ಪ್ರತಿಯೊಂದು ಅಂಕಿಯನ್ನೂ ಅದರ ಪ್ರಮಾಣದಿಂದ ಗುಣಿಸಿ, ಕೂಡಿಸಿ, ಒಟ್ಟು ಪ್ರಮಾಣದಿಂದ ಭಾಗಿಸುವುದಕ್ಕೆ ತೂಕದ ಸರಾಸರಿ ಅಥವಾ ವೆಯ್ಟೆಡ್ ಆವರೇಜ್ ಎನ್ನುತ್ತಾರೆ. ಸಾದಾ ಸರಾಸರಿ ಸರಿಹೋಗುವುದು ಎಲ್ಲ ಪ್ರಮಾಣಗಳೂ ಸಮನಾಗಿದ್ದಾಗ ಮಾತ್ರ.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿ. "ಫ್ಯಾಟ್ ಕಡಿಮೆ" ಎಂದು ನಾವು ದೂರುವ ಮೊದಲ ಹಸುವಿನ ಗುಣಲಬ್ಧ 47.6, "ಫ್ಯಾಟ್ ಚೆನ್ನಾಗಿದೆ" ಎನ್ನುವ ಎರಡನೆಯದರದು 28.8. ಮನೆಗೆ ಹೆಚ್ಚು ಜಿಡ್ಡು ತರುತ್ತಿರುವುದು ಮೊದಲ ಹಸುವೇ. ಬರಿಯ ಫ್ಯಾಟಿನ ಅಂಕಿ ನೋಡಿ ಯಾವ ಹಸುವನ್ನೂ ಸಂತೆಗೆ ಹೊಡೆಯಬೇಡಿ. ಲೀಟರ್, ಫ್ಯಾಟ್, ತಿನ್ನುವ ಮೇವು, ಗಬ್ಬದ ಸ್ಥಿತಿ ಎಲ್ಲವನ್ನೂ ನೋಡಿ ನಿರ್ಧರಿಸಿ.

ಬೆಳಗಿನ ಹಾಲು, ಸಂಜೆಯ ಹಾಲು

ಒಂದೇ ಹಸುವಿನ ಹಾಲಿನಲ್ಲಿಯೂ ಈ ವ್ಯತ್ಯಾಸ ಇದ್ದೇ ಇರುತ್ತದೆ. ಸಂಜೆ 4 ಗಂಟೆಗೆ ಕರೆದು ಮತ್ತೆ ಬೆಳಿಗ್ಗೆ 6 ಗಂಟೆಗೆ ಕರೆದರೆ ನಡುವೆ 14 ಗಂಟೆ ಕಳೆದಿರುತ್ತದೆ. ಬೆಳಿಗ್ಗೆಯಿಂದ ಸಂಜೆಗೆ ಉಳಿಯುವುದು 10 ಗಂಟೆ ಮಾತ್ರ. ಹೆಚ್ಚು ಹೊತ್ತು ಕೆಚ್ಚಲಿನಲ್ಲಿ ತುಂಬಿಕೊಂಡ ಬೆಳಗಿನ ಹಾಲು ಪ್ರಮಾಣದಲ್ಲಿ ಹೆಚ್ಚು, ಜಿಡ್ಡಿನಲ್ಲಿ ಕಡಿಮೆ. ಸಂಜೆಯ ಹಾಲು ಪ್ರಮಾಣದಲ್ಲಿ ಕಡಿಮೆ, ಜಿಡ್ಡಿನಲ್ಲಿ ಹೆಚ್ಚು.

ಬೆಳಿಗ್ಗೆ 9 ಲೀಟರ್, ಫ್ಯಾಟ್ 3.4. ಸಂಜೆ 5 ಲೀಟರ್, ಫ್ಯಾಟ್ 4.2 ಎನ್ನೋಣ. ಸಾದಾ ಸರಾಸರಿ 3.8. ಸರಿಯಾದ ಲೆಕ್ಕ: 30.6 + 21.0 = 51.6, ಇದನ್ನು 14ರಿಂದ ಭಾಗಿಸಿದರೆ 3.69. ಸಾದಾ ಲೆಕ್ಕ ಹಾಕಿದವರು ತಮ್ಮ ಹಸುವನ್ನು ಇರುವುದಕ್ಕಿಂತ ಒಂದು ಪಾಯಿಂಟ್ ಮೇಲೆಯೇ ಎಣಿಸಿರುತ್ತಾರೆ.

ಒಂದೇ ಹೊತ್ತಿನ ಕರಾವಿನಲ್ಲಿಯೂ ಮೊದಲು ಬರುವ ಹಾಲು ತೆಳು, ಕೊನೆಗೆ ಬರುವ ಹಾಲು ಗಟ್ಟಿ. ಮೊದಲ ಹಿಂಡಿನ ಹಾಲಿನಲ್ಲಿ ಶೇಕಡಾ 1ರಿಂದ 2ರಷ್ಟು ಜಿಡ್ಡಿದ್ದರೆ, ಕೊನೆಯ ಹಿಂಡಿನ ಹಾಲಿನಲ್ಲಿ ಅದರ ಹಲವು ಪಟ್ಟು ಇರುತ್ತದೆ. ಕರುವಿಗೆಂದು ಕೊನೆಯ ಹಾಲನ್ನು ಬಿಟ್ಟರೆ ಪಾತ್ರೆಯ ಸರಾಸರಿ ಇಳಿಯುವುದು ಇದೇ ಕಾರಣದಿಂದ. ಕರುವಿಗೆ ಹಾಲು ಬೇಕೇ ಬೇಕು. ಅದನ್ನು ಅಳೆದು ಕುಡಿಸಿ, ಕೆಚ್ಚಲನ್ನು ಪೂರ್ತಿ ಕರೆಯಿರಿ. ಕೆಚ್ಚಲಿನಲ್ಲಿ ಹಾಲು ಉಳಿಸುವುದು ಕೆಚ್ಚಲು ಬಾವಿಗೂ ದಾರಿ.

ಮಾದರಿ ತೆಗೆಯುವ ಮುನ್ನ ಹಾಲನ್ನು ಚೆನ್ನಾಗಿ ಕಲಕಬೇಕು ಎನ್ನುವುದೂ ಇದಕ್ಕಾಗಿಯೇ. ಕಲಕಿದ ಪಾತ್ರೆಯಲ್ಲಿ ಹಾಲು ತಾನೇ ತನ್ನ ಸರಾಸರಿಯನ್ನು ಮಾಡಿಕೊಂಡಿರುತ್ತದೆ. ಕಲಕದೆ ಮೇಲಿನಿಂದ ತೆಗೆದರೆ ಕೆನೆಯ ಫ್ಯಾಟ್ ಬರುತ್ತದೆ, ತಳದಿಂದ ತೆಗೆದರೆ ತೆಳು ಹಾಲಿನ ಫ್ಯಾಟ್ ಬರುತ್ತದೆ.

ಸಂಘದ ಲೆಕ್ಕ, ಒಕ್ಕೂಟದ ಲೆಕ್ಕ

ಈಗ ಆಡಳಿತ ಮಂಡಳಿಯ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಭಾಗಕ್ಕೆ ಬರೋಣ. ಸಂಘದಲ್ಲಿ ಸದಸ್ಯರ ಹಾಲನ್ನು ಒಬ್ಬೊಬ್ಬರದಾಗಿ ಪರೀಕ್ಷಿಸುತ್ತೇವೆ. ಎಲ್ಲರ ಹಾಲೂ ಸೇರಿದ ಮೇಲೆ ಒಕ್ಕೂಟ ಮತ್ತೊಮ್ಮೆ ಪರೀಕ್ಷಿಸುತ್ತದೆ. ಈ ಎರಡೂ ಹೊಂದಬೇಕು. ಹೊಂದುತ್ತಿದೆಯೇ ಎಂದು ನೋಡುವುದು ಹೇಗೆ?

ಲೆಕ್ಕ ಸುಲಭವಾಗಲೆಂದು ನಾಲ್ವರು ಸದಸ್ಯರ ಸಂಘವನ್ನು ತೆಗೆದುಕೊಳ್ಳೋಣ. ಅವರು ಹಾಕಿದ ಹಾಲು 2, 4, 10 ಮತ್ತು 24 ಲೀಟರ್. ಫ್ಯಾಟ್ ಕ್ರಮವಾಗಿ 4.6, 4.2, 3.8 ಮತ್ತು 3.5. ನಾಲ್ಕು ಫ್ಯಾಟುಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ 4.03 ಸಿಗುತ್ತದೆ. ಪ್ರಮಾಣದಿಂದ ಗುಣಿಸಿದರೆ 9.2 + 16.8 + 38 + 84 = 148. ಇದನ್ನು 40 ಲೀಟರಿನಿಂದ ಭಾಗಿಸಿದರೆ 3.70. ಒಕ್ಕೂಟದಲ್ಲಿ 3.7 ಬಂದರೆ ಅದು ನ್ಯಾಯವಾದದ್ದೇ. ಸಾದಾ ಸರಾಸರಿ ಹಿಡಿದು ಕೂತರೆ, ದಿನಕ್ಕೆ 1000 ಲೀಟರ್ ಕಳಿಸುವ ಸಂಘದಲ್ಲಿ ಇದೇ ಲೆಕ್ಕಕ್ಕೆ 3 ಕಿಲೋಗೂ ಹೆಚ್ಚು ಜಿಡ್ಡು ಕಾಣೆಯಾದಂತೆ ತೋರುತ್ತದೆ, ಇಲ್ಲದ ಕಳ್ಳನನ್ನು ಹುಡುಕಬೇಕಾಗುತ್ತದೆ.

ಇದರ ಇನ್ನೊಂದು ಮುಖ ಹೆಚ್ಚು ಅಪಾಯಕಾರಿ. ಮತ್ತೊಂದು ಕಡೆ ಮೂವರು ಸದಸ್ಯರು 5, 5 ಮತ್ತು 30 ಲೀಟರ್ ಹಾಕಿದ್ದಾರೆ. ಫ್ಯಾಟ್ 3.4, 3.6 ಮತ್ತು 4.1. ಸಾದಾ ಸರಾಸರಿ 3.7. ಒಕ್ಕೂಟದಲ್ಲಿಯೂ 3.7 ಬಂತು. ಎಲ್ಲರಿಗೂ ಸಮಾಧಾನ. ಆದರೆ ನಿಜವಾದ ಲೆಕ್ಕ 17 + 18 + 123 = 158, ಭಾಗಿಸು 40, ಅಂದರೆ 3.95. ಇಲ್ಲಿ ಎರಡೂವರೆ ಪಾಯಿಂಟ್ ಎಲ್ಲಿಯೋ ಹೋಗಿದೆ. 1000 ಲೀಟರಿನಲ್ಲಿ ಇದು ದಿನಕ್ಕೆ ಸುಮಾರು ಎರಡೂವರೆ ಕಿಲೋ ಜಿಡ್ಡು. ನೀರು ಬೆರೆಯಿತೋ, ಕೆನೆ ತೆಗೆದರೋ, ಮಾದರಿ ತೆಗೆಯುವಲ್ಲಿ ತಪ್ಪಾಯಿತೋ, ಸಂಘದ ಯಂತ್ರವೇ ಹೆಚ್ಚು ತೋರಿಸುತ್ತಿದೆಯೋ ಎಂದು ಅಂದೇ ವಿಚಾರಿಸಬೇಕಾದದ್ದು. ಸಾದಾ ಸರಾಸರಿ ಅದನ್ನು ಮುಚ್ಚಿಬಿಟ್ಟಿತು.

ಹೋಲಿಸುವಾಗ ಮೂರು ಮಾತು ನೆನಪಿರಲಿ. ಒಂದು, ಸ್ಥಳೀಯವಾಗಿ ಮಾರಿದ ಹಾಲನ್ನೂ ಅದರ ಫ್ಯಾಟನ್ನೂ ಲೆಕ್ಕದಿಂದ ಕಳೆಯಿರಿ. ಎರಡು, ಲೀಟರಿಗೂ ಕಿಲೋಗೂ ವ್ಯತ್ಯಾಸವಿದೆ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಒಂದು ಕಡೆ ಲೀಟರ್, ಇನ್ನೊಂದು ಕಡೆ ಕಿಲೋ ಇಟ್ಟು ತಾಳೆ ನೋಡಬೇಡಿ. ಮೂರು, ಗರ್ಬರ್ ವಿಧಾನದಲ್ಲಿ ಬಳಸುವ ಬ್ಯುಟಿರೋಮೀಟರಿನ ಗೀಟುಗಳೇ 0.1ರ ಅಂತರದಲ್ಲಿರುತ್ತವೆ. ಆದ್ದರಿಂದ ಒಂದು ದಿನ ಒಂದು ಪಾಯಿಂಟ್ ಆಚೀಚೆ ಆದರೆ ಜಗಳ ಬೇಡ. ದಿನವೂ ಒಂದೇ ಕಡೆಗೆ ಕಡಿಮೆ ಬರುತ್ತಿದ್ದರೆ ಸುಮ್ಮನಿರಬೇಡಿ.

ಕಂಪ್ಯೂಟರಿನಲ್ಲಿ ಮಾಡುವ ಬಗೆ

ಎಕ್ಸೆಲ್‌ನಂತಹ ಸ್ಪ್ರೆಡ್‌ಶೀಟ್ ಈಗ ಮೊಬೈಲಿನಲ್ಲಿಯೂ ಸಿಗುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಹತ್ತು ದಿನದ, ಅಂದರೆ ಇಪ್ಪತ್ತು ಹೊತ್ತಿನ ಹಾಲಿನ ಲೆಕ್ಕವನ್ನು ಉದಾಹರಣೆಯಾಗಿ ನೋಡೋಣ. ಸೂತ್ರದ ಅಕ್ಷರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು.

1. ಮೊದಲ ಸಾಲಿನಲ್ಲಿ ತಲೆಬರಹ ಬರೆಯಿರಿ. ಎ ಕಾಲಂ ದಿನಾಂಕ ಮತ್ತು ಹೊತ್ತು, ಬಿ ಕಾಲಂ ಲೀಟರ್, ಸಿ ಕಾಲಂ ಫ್ಯಾಟ್, ಡಿ ಕಾಲಂ ಗುಣಲಬ್ಧ.

2. ಎರಡನೆಯ ಸಾಲಿನಿಂದ 21ನೆಯ ಸಾಲಿನವರೆಗೆ ಚೀಟಿ ನೋಡಿ ಅಂಕಿಗಳನ್ನು ತುಂಬಿ.

3. ಡಿ2 ಮನೆಯಲ್ಲಿ =ಬಿ2*ಸಿ2 ಎಂದು ಬರೆಯಿರಿ. ಆ ಮನೆಯ ಮೂಲೆಯನ್ನು ಹಿಡಿದು 21ನೆಯ ಸಾಲಿನವರೆಗೆ ಕೆಳಕ್ಕೆ ಎಳೆದರೆ ಎಲ್ಲ ಸಾಲುಗಳ ಗುಣಾಕಾರವೂ ಆಗುತ್ತದೆ.

4. ಬಿ22ರಲ್ಲಿ =ಸಮ್(ಬಿ2:ಬಿ21), ಡಿ22ರಲ್ಲಿ =ಸಮ್(ಡಿ2:ಡಿ21) ಎಂದು ಬರೆದರೆ ಒಟ್ಟು ಬರುತ್ತದೆ.

5. ಸಿ22ರಲ್ಲಿ =ಡಿ22/ಬಿ22 ಎಂದು ಬರೆಯಿರಿ. ಇದೇ ಸರಿಯಾದ ಸರಾಸರಿ ಫ್ಯಾಟ್.

ಅಭ್ಯಾಸವಾದ ಮೇಲೆ ಡಿ ಕಾಲಂ ಇಲ್ಲದೆ ಒಂದೇ ಸೂತ್ರದಲ್ಲಿಯೂ ಮುಗಿಸಬಹುದು:

=ಸಮ್‌ಪ್ರಾಡಕ್ಟ್(ಬಿ2:ಬಿ21,ಸಿ2:ಸಿ21)/ಸಮ್(ಬಿ2:ಬಿ21)

ಇಲ್ಲಿ ಮೊದಲ ಭಾಗ ಸಾಲು ಸಾಲಾಗಿ ಗುಣಿಸಿ ಕೂಡಿಸುತ್ತದೆ, ಎರಡನೆಯ ಭಾಗ ಒಟ್ಟು ಲೀಟರಿನಿಂದ ಭಾಗಿಸುತ್ತದೆ. ಯಂತ್ರದಲ್ಲಿ ಆವರೇಜ್ ಎಂಬ ಸಿದ್ಧ ಸೂತ್ರವೂ ಇದೆ. ಅದು ಸಾದಾ ಸರಾಸರಿ. ಫ್ಯಾಟಿಗೆ ಅದನ್ನು ಬಳಸಬೇಡಿ. ಎಸ್.ಎನ್.ಎಫ್. ಸರಾಸರಿಯನ್ನೂ ಇದೇ ಕ್ರಮದಲ್ಲಿ ತೆಗೆಯಬೇಕು. ಲೀಟರಿಗೆ ಸರಾಸರಿ ಎಷ್ಟು ದರ ಸಿಕ್ಕಿತು ಎಂದು ತಿಳಿಯಲು ಒಟ್ಟು ಬಟವಾಡೆ ಹಣವನ್ನು ಒಟ್ಟು ಲೀಟರಿನಿಂದ ಭಾಗಿಸಿ. ದಿನದಿನದ ದರಗಳನ್ನು ಕೂಡಿಸಿ ಭಾಗಿಸಬೇಡಿ.

ಎರಡು ಎಚ್ಚರಿಕೆ: ಪರೀಕ್ಷೆ ಆಗದ ಹೊತ್ತಿನ ಫ್ಯಾಟನ್ನು ಸೊನ್ನೆ ಎಂದು ಹಾಕಬೇಡಿ, ಖಾಲಿಯೂ ಬಿಡಬೇಡಿ. ಲೀಟರ್ ಸೇರಿ ಜಿಡ್ಡು ಸೇರದೆ ಸರಾಸರಿ ಕುಸಿಯುತ್ತದೆ. ಆ ಸಾಲನ್ನೇ ತೆಗೆದುಬಿಡಿ. ಹಾಗೆಯೇ ಅಂಕಿಯ ಪಕ್ಕದಲ್ಲಿ "ಲೀ" ಎಂದೋ ಬೇರೆ ಗುರುತನ್ನೋ ಸೇರಿಸಬೇಡಿ. ಯಂತ್ರ ಅದನ್ನು ಅಕ್ಷರವೆಂದು ತಿಳಿದು ಕೂಡಿಸದೆ ಬಿಡುತ್ತದೆ.

ಉತ್ತರ ಬಂದ ಮೇಲೆ ಒಮ್ಮೆ ಕಣ್ಣಳತೆಯಲ್ಲಿ ಪರೀಕ್ಷಿಸಿ. ಸರಾಸರಿ ಯಾವಾಗಲೂ ಅತಿ ಕಡಿಮೆ ಮತ್ತು ಅತಿ ಹೆಚ್ಚು ಫ್ಯಾಟಿನ ನಡುವೆ ಇರಬೇಕು, ಹೆಚ್ಚು ಲೀಟರ್ ಇರುವ ಕಡೆಗೆ ವಾಲಿರಬೇಕು. ಇಲ್ಲದಿದ್ದರೆ ಎಲ್ಲೋ ಅಂಕಿ ತಪ್ಪಿದೆ.

ಮನೆಯಲ್ಲಿ ಬೆರೆಸುವ ಪಶು ಆಹಾರಕ್ಕೂ ಇದೇ ಲೆಕ್ಕ

ಮುಸುಕಿನ ಜೋಳದ ನುಚ್ಚು 40 ಕಿಲೋ, ಕಡಲೆಕಾಯಿ ಹಿಂಡಿ 25 ಕಿಲೋ, ಗೋಧಿ ಬೂಸಾ 32 ಕಿಲೋ, ಖನಿಜ ಮಿಶ್ರಣ 2 ಕಿಲೋ, ಉಪ್ಪು 1 ಕಿಲೋ ಸೇರಿಸಿ 100 ಕಿಲೋ ಆಹಾರ ಮಾಡಿದ್ದೀರಿ ಎನ್ನೋಣ. ಸಸಾರಜನಕ ಜೋಳದಲ್ಲಿ ಸುಮಾರು ಶೇಕಡಾ 9, ಹಿಂಡಿಯಲ್ಲಿ 42, ಬೂಸಾದಲ್ಲಿ 14 ಎಂದು ಹಿಡಿಯಿರಿ. ಮೂರನ್ನೂ ಕೂಡಿಸಿ ಭಾಗಿಸಿದರೆ 21.7 ಬಂದು ಸಂತೋಷವಾಗುತ್ತದೆ. ಪ್ರಮಾಣ ಹಿಡಿದು ಲೆಕ್ಕ ಹಾಕಿದರೆ 360 + 1050 + 448 = 1858, ಭಾಗಿಸು 100, ಅಂದರೆ 18.6 ಮಾತ್ರ. ಖನಿಜ ಮಿಶ್ರಣ ಮತ್ತು ಉಪ್ಪಿನಲ್ಲಿ ಸಸಾರಜನಕ ಇಲ್ಲದಿದ್ದರೂ ಅವುಗಳ ತೂಕ 100ರಲ್ಲಿ ಸೇರಿದೆ ಎಂಬುದನ್ನು ಮರೆಯಬಾರದು.

ಕರೆಯುವ ಹಸುವಿಗೆ ಶೇಕಡಾ 20ರಷ್ಟು ಸಸಾರಜನಕದ ಆಹಾರ ಬೇಕೆಂದಿದ್ದರೆ, ಬೂಸಾ 5 ಕಿಲೋ ಇಳಿಸಿ ಹಿಂಡಿ 5 ಕಿಲೋ ಏರಿಸಿ. ಆಗ 360 + 1260 + 378 = 1998, ಅಂದರೆ 20. "ಆಹಾರ ಚೆನ್ನಾಗಿಯೇ ಕೊಡುತ್ತಿದ್ದೇವೆ, ಆದರೂ ಹಾಲು ಏರುತ್ತಿಲ್ಲ" ಎನ್ನುವ ಮನೆಗಳಲ್ಲಿ ಮೊದಲು ನೋಡಬೇಕಾದ ಲೆಕ್ಕಗಳಲ್ಲಿ ಇದೂ ಒಂದು. ಹಿಂಡಿಯ ಗುಣಮಟ್ಟ ಮೂಟೆಯಿಂದ ಮೂಟೆಗೆ ಬದಲಾಗುತ್ತದೆ. ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಎಂದಿಗೂ ಬಳಸಬೇಡಿ.

ನೆನಪಿಡಬೇಕಾದ ಮುಖ್ಯಾಂಶಗಳು

• ಫ್ಯಾಟುಗಳನ್ನು ನೇರವಾಗಿ ಕೂಡಿಸಬೇಡಿ. ಲೀಟರಿನಿಂದ ಗುಣಿಸಿ, ಆಮೇಲೆ ಕೂಡಿಸಿ, ಒಟ್ಟು ಲೀಟರಿನಿಂದ ಭಾಗಿಸಿ.
• ಡೇರಿಯ ಚೀಟಿಗಳನ್ನು ಬಟವಾಡೆ ಆಗುವವರೆಗೆ ಜೋಪಾನವಾಗಿಡಿ. ಚೀಟಿ ಇಲ್ಲದೆ ಲೆಕ್ಕವಿಲ್ಲ.
• ಹಸುವಿನ ಬೆಲೆ ಕಟ್ಟುವಾಗ ಫ್ಯಾಟ್ ಒಂದನ್ನೇ ನೋಡಬೇಡಿ.
• ಸಂಘದ ತೂಕದ ಸರಾಸರಿಯನ್ನೂ ಒಕ್ಕೂಟದ ಫ್ಯಾಟನ್ನೂ ಪ್ರತಿ ಬಟವಾಡೆಗೆ ಫಲಕದಲ್ಲಿ ಅಕ್ಕಪಕ್ಕ ಬರೆದು ಹಾಕುವಂತೆ ಆಡಳಿತ ಮಂಡಳಿಯನ್ನು ಕೇಳಿ.

ಸಹಕಾರ ಸಂಘ ನಿಂತಿರುವುದು ನಂಬಿಕೆಯ ಮೇಲೆ, ಆ ನಂಬಿಕೆ ನಿಲ್ಲಬೇಕಾದದ್ದು ಲೆಕ್ಕದ ಮೇಲೆ. ಈ ಸಲದ ಬಟವಾಡೆಯ ಚೀಟಿಗಳನ್ನು ಮುಂದಿಟ್ಟುಕೊಂಡು ನಿಮ್ಮ ಮನೆಯ ಸರಾಸರಿಯನ್ನು ನೀವೇ ಒಮ್ಮೆ ತೆಗೆದು ನೋಡಿ. ಹೊಂದದಿದ್ದರೆ ಆ ಕಾಗದವನ್ನು ಹಿಡಿದುಕೊಂಡೇ ಸಂಘಕ್ಕೆ ಬನ್ನಿ.